ಒಬ್ಬೊಬ್ಬರಿಗೆ ಒಂದೊಂದು ವೈರು

ಅಪ್ಪ ತೀರಿಕೊಂಡ ಮೇಲೆ ಅಣ್ಣತಮ್ಮಂದಿರಿಗೆ ಪಾಲು ಮಾಡಿಕೊಡಲು ಬಂದವನು ಅವರ ಸೋದರಮಾವ. ನ್ಯಾಯವೆಂದರೆ ಎರಡು ಕಡೆಗೂ ಸಮ ಎಂಬುದು ಅವನು ಬದುಕಿನಲ್ಲಿ ಕಲಿತ ಮೊದಲ ಪಾಠ. ಅದನ್ನವನು ಮರೆತಿರಲಿಲ್ಲ, ಎರಡನೆಯ ಪಾಠಕ್ಕೆ ಹೋಗಿಯೂ ಇರಲಿಲ್ಲ. ಒರಳನ್ನು ಅಣ್ಣನಿಗೆ ಕೊಟ್ಟ, ಒನಕೆಯನ್ನು ತಮ್ಮನಿಗೆ ಕೊಟ್ಟ. ಅಟ್ಟದ ಏಣಿಯನ್ನು ನಡುವೆ ಕೊಯ್ಸಿ, ಮೇಲಿನ ಅರ್ಧ ಒಬ್ಬನಿಗೆ, ಕೆಳಗಿನ ಅರ್ಧ ಇನ್ನೊಬ್ಬನಿಗೆ ಹಂಚಿದ. ಆಮೇಲೆ ಎರಡು ಮನೆಯಲ್ಲೂ ಯಾರೂ ಅಟ್ಟ ಹತ್ತಿಲ್ಲ. ಹೆಬ್ಬಾಗಿಲಿಗೆ ಎರಡು ಕದಗಳಿದ್ದವು. ಅವನ್ನೂ ಕೀಳಿಸಿ ಒಂದೊಂದು ಕೊಟ್ಟುಬಿಟ್ಟ. ಈಗ ಎರಡು ಮನೆಗೂ ಅರ್ಧರ್ಧ ಬಾಗಿಲು. ನಾಯಿಗಳಿಗೆ ಇದರಿಂದ ಬಹಳ ಅನುಕೂಲವಾಗಿತ್ತು. ಊರವರು ಅವನನ್ನು ಸಮಪಾಲು ಮಾವ ಎಂದು ಕರೆಯುತ್ತಿದ್ದರು. ಅವನು ಅದನ್ನು ಬಿರುದು ಎಂದುಕೊಂಡಿದ್ದ.

ಪಾಲಾಗದೆ ಉಳಿದದ್ದು ಎರಡು: ಅಪ್ಪ ಹಾಕಿಸಿದ್ದ ವೇಬ್ರಿಡ್ಜು, ಮತ್ತು ಮಗಳು.

ವೇಬ್ರಿಡ್ಜು ಎಂದರೆ ರಸ್ತೆಯಂಚಿನ ಗುಂಡಿಯ ಮೇಲೆ ಹೊದಿಸಿದ ದೊಡ್ಡ ಕಬ್ಬಿಣದ ಹಾಸು. ಕಾಳಿನ ಚೀಲ ಹೊತ್ತ ಗಾಡಿಯೋ ಟ್ರಾಕ್ಟರೋ ಅದರ ಮೇಲೆ ಬಂದು ನಿಂತರೆ, ಕೋಣೆಯೊಳಗಿನ ಪೆಟ್ಟಿಗೆಯಲ್ಲಿ ತೂಕ ಕೆಂಪು ಅಂಕಿಗಳಾಗಿ ಮೂಡುತ್ತಿತ್ತು. ಅಪ್ಪನ ಕಣ್ಣು ಮಂಜಾದ ಕಾಲಕ್ಕೆ ಆ ಅಂಕಿ ಓದಿ ಹೇಳಲು ಕೂತ ಮಗಳು ಹಾಗೆಯೇ ಕೂತುಬಿಟ್ಟಿದ್ದಳು. ಮದುವೆಯ ಮಾತು ಬಂದಾಗಲೆಲ್ಲ ಹೊರಗೆ ಯಾವುದೋ ಗಾಡಿ ಬಂದಿರುತ್ತಿತ್ತು. ಅಣ್ಣನಿಗೆ ತಂಗಿ, ತಮ್ಮನಿಗೆ ಅಕ್ಕ, ಗಾಡಿಯವರೆಲ್ಲರಿಗೆ ತೂಕದಕ್ಕ.

ಹಾಸನ್ನು ಕೊಯ್ದು ಹಂಚಬೇಕೆಂದೇ ಮಾವನ ಆಸೆಯಿತ್ತು. ಆದರೆ ತೂಕ ಅಳತೆ ಇಲಾಖೆಯ ಸೀಲು ಅದರ ಮೇಲಿತ್ತು. ಸೀಲು ಇರುವ ವಸ್ತುವನ್ನು ಕೊಯ್ದರೆ ಜೈಲು ಎಂದು ಯಾರೋ ಹೆದರಿಸಿದ್ದರು. ಅದಕ್ಕೇ ಅವನು ಹೀಗೆ ತೀರ್ಮಾನ ಹೇಳಿದ: ಸೀಲು ಇರುವ ತನಕ ವೇಬ್ರಿಡ್ಜು ನಡೆಯಲಿ, ಹುಡುಗಿ ಅದರಲ್ಲಿ ಬದುಕಿಕೊಳ್ಳಲಿ. ಸೀಲು ಹೋದ ದಿನ ಹಾಸು ಎರಡು ತುಂಡು. ಆಮೇಲೆ ಅವಳು ಇಬ್ಬರ ಮನೆಯಲ್ಲೂ ಇರುತ್ತಾಳೆ.

“ನಾನಿಲ್ವಾ? ತಂಗೀನ ನಾನು ನೋಡ್ಕೊಳ್ತೀನಿ” ಎಂದ ಅಣ್ಣ.

“ನಾನಿಲ್ವಾ? ಅಕ್ಕನ್ನ ನಾನು ನೋಡ್ಕೊಳ್ತೀನಿ” ಎಂದ ತಮ್ಮ.

ಆಹಾ, ಎಂಥ ಒಮ್ಮತ ಎಂದು ಮಾವ ಕಣ್ಣೊರೆಸಿಕೊಂಡ.

ರಸ್ತೆಯ ಪಕ್ಕದ ಹಳೆಯ ತೂಕದ ಕೋಣೆ ಅಣ್ಣನ ಪಾಲಿಗೆ ಬಂದದ್ದರಿಂದ ಅವನು ಅಲ್ಲಿ ಹಿಟ್ಟಿನ ಗಿರಣಿ ಹೂಡಿದ. ಎದುರಿನ ಕೊಟ್ಟಿಗೆ ತಮ್ಮನ ಪಾಲಿಗೆ ಬಂತು, ಅವನು ವೆಲ್ಡಿಂಗ್ ಅಂಗಡಿ ತೆರೆದ. ಅಂಗಳದ ಹಿಂದಿನ ತುದಿಯಲ್ಲಿ ನೇಗಿಲು ಗುದ್ದಲಿ ಇಡುತ್ತಿದ್ದ ಗೂಡೊಂದಿತ್ತು. ಅದಕ್ಕೆ ಸುಣ್ಣ ಬಳಿದು ತೂಕದಕ್ಕನನ್ನು ಅಲ್ಲಿ ಕೂರಿಸಿದರು. ಆ ಗೂಡಿನ ಬಾಗಿಲಿನಿಂದ ರಸ್ತೆಯ ಹಾಸಿನವರೆಗೆ ಅಂಗಳವನ್ನು ಸೀಳಿಕೊಂಡು ಒಂದು ಮೊಳಕಾಲೆತ್ತರದ ಗೋಡೆ ಎದ್ದಿತು. ಗೂಡಿಗೆ ಎಡಕ್ಕೊಂದು ಬಲಕ್ಕೊಂದು ಕಿಟಕಿ. ಎಡಗಡೆಯದು ಅಣ್ಣನ ಅಂಗಳಕ್ಕೆ, ಬಲಗಡೆಯದು ತಮ್ಮನ ಅಂಗಳಕ್ಕೆ.

ಗೋಡೆಯ ಪಾಯ ತೋಡುವಾಗ ನೆಲದೊಳಗಿನ ಹಳೆಯ ಕೇಬಲ್ಲು ತುಂಡಾಗಿತ್ತು. ಹಾಸಿನ ಅಡಿಯಿಂದ ಕೋಣೆಗೆ ತೂಕದ ಸುದ್ದಿ ತರುತ್ತಿದ್ದದ್ದು ಎರಡು ವೈರು, ಒಂದು ಕೆಂಪು, ಒಂದು ಬಿಳಿ. ಹೊಸದಾಗಿ ಎಳೆಯಬೇಕಾಗಿ ಬಂದಾಗ ಅವು ಯಾರ ಗೋಡೆಗುಂಟ ಹೋಗಬೇಕೆಂಬ ಪ್ರಶ್ನೆ ಎದ್ದಿತು. ಅಣ್ಣನ ಗೋಡೆಗುಂಟ ಹೋದರೆ ವೇಬ್ರಿಡ್ಜು ಅಣ್ಣನದಾಗಿಬಿಡುತ್ತದೆ ಎಂದು ತಮ್ಮ ಕುಣಿದ. ತಮ್ಮನ ಗೋಡೆಗುಂಟ ಹೋದರೆ ತಮ್ಮನದಾಗಿಬಿಡುತ್ತದೆ ಎಂದು ಅಣ್ಣ ಕುಣಿದ. ನಡುಗೋಡೆಯ ಮೇಲೆ ಹಾಕೋಣವೆಂದರೆ ಆ ಗೋಡೆ ಯಾರದೆಂಬ ಪ್ರಶ್ನೆ ಬರುತ್ತದೆ. ಅದು ಬೇಡ, ಸತ್ತ ಹಾವನ್ನು ಕೋಲಿನಿಂದ ಯಾಕೆ ತಿವಿಯಬೇಕು ಎಂದ ಮಾವ. ಊರಿನ ಕರೆಂಟಿನವನನ್ನು ಕರೆಸಿ ಅಪ್ಪಣೆ ಕೊಟ್ಟ. ಕೆಂಪು ವೈರು ಗಿರಣಿಯ ಬೆನ್ನಿಗೆ ತಾಗಿಕೊಂಡು ಅಣ್ಣನ ಗೋಡೆಯ ಮೇಲೆ ಹೋಯಿತು. ಬಿಳಿ ವೈರು ವೆಲ್ಡಿಂಗ್ ಕೊಟ್ಟಿಗೆಯ ಸೂರಿನಡಿ ತಮ್ಮನ ಗೋಡೆಯ ಮೇಲೆ ಹೋಯಿತು. ಎರಡೂ ಅಂಗಳ ಬಳಸಿ ಬಂದು ಗೂಡಿನಲ್ಲಿ ಸೇರಿದವು.

“ನೋಡಿ, ಒಬ್ಬೊಬ್ಬರಿಗೆ ಒಂದೊಂದು ವೈರು. ಒಂದು ಗೇಣು ಹೆಚ್ಚಿಲ್ಲ, ಒಂದು ಗೇಣು ಕಮ್ಮಿ ಇಲ್ಲ” ಎಂದು ಮಾವ ಊರೆಲ್ಲ ಹೇಳಿಕೊಂಡು ತಿರುಗಿದ.

ಅಂದಿನಿಂದ ಅಂಕಿಗಳು ಕುಣಿಯತೊಡಗಿದವು.

ಗಿರಣಿಯ ಮೋಟಾರು ಗುರ್ ಎಂದರೆ ತೂಕ ಏರುತ್ತಿತ್ತು. ವೆಲ್ಡಿಂಗಿನ ಕಿಡಿ ಹಾರಿದರೆ ತೂಕ ಇಳಿಯುತ್ತಿತ್ತು. ಎರಡೂ ಒಟ್ಟಿಗೆ ನಡೆದರೆ ಪೆಟ್ಟಿಗೆಯೊಳಗೆ ಯಾರೋ ಕೆಂಡ ತುಳಿದವರ ಹಾಗೆ ಅಂಕಿಗಳು ಹಾರುತ್ತಿದ್ದವು. ಜನರಿಗೆ ಇದನ್ನು ತಿಳಿಯಲು ಬಹಳ ಕಾಲ ಬೇಕಾಗಲಿಲ್ಲ. ಕಾಳು ಮಾರುವವರು ಗಿರಣಿ ಓಡುವ ಹೊತ್ತಿಗೆ ಗಾಡಿ ತರತೊಡಗಿದರು. ಕೊಳ್ಳುವವರು ವೆಲ್ಡಿಂಗ್ ಅಂಗಡಿಯ ಮುಂದೆ ಕೂತು, ತಮ್ಮನಿಗೆ ಬೀಡಿ ಕೊಟ್ಟು, “ಎಲ್ಲೋ ಒಂದು ಕಡೆ ಬೆಸುಗೆ ಹಾಕು ಮಾರಾಯ, ಏನಾದ್ರೂ ಮುರಿದಿರತ್ತೆ ನೋಡು” ಎಂದು ಉಪಚಾರ ಮಾಡತೊಡಗಿದರು. ಒಮ್ಮೆ ಖಾಲಿ ಹಾಸಿನ ಮೇಲೆ ಕೋಳಿಯೊಂದು ಹತ್ತಿದಾಗ ಪೆಟ್ಟಿಗೆ ಅದಕ್ಕೆ ಎಮ್ಮೆಯ ತೂಕ ತೋರಿಸಿತು.

“ತೂಕದಕ್ಕ, ಆ ಕೋಳೀನ ನನಗೆ ಕೊಡು. ಹಾಲು ಕರೀತೀನಿ” ಎಂದ ಒಬ್ಬ ಗಾಡಿಯವನು.

“ಮೊದಲು ನೀನು ಹಾಸಿನಿಂದ ಇಳಿ. ನಿನ್ನ ತಲೇನೂ ಸೇರಿ ತೂಕ ಆಗ್ತಿದೆ.”

“ಅದರಲ್ಲೇನು ಭಾರ ಇದೆ ಅಕ್ಕ?”

“ಅದಕ್ಕೇ ಹೇಳಿದ್ದು. ಒಂದಿಷ್ಟು ಕಮ್ಮಿ ತೋರಿಸ್ತಿದೆ.”

ನಗು ಬಾಯಲ್ಲಿತ್ತು, ಹೊಟ್ಟೆಯಲ್ಲಿ ಇರಲಿಲ್ಲ. ಯಾರೋ ದೂರು ಕೊಟ್ಟರು. ತೂಕ ಅಳತೆಯ ಇನ್ಸ್‌ಪೆಕ್ಟರು ಬಂದ. ಒಣಗಿದ ಮುಖದ, ನಗುವಿಗೂ ರಸೀದಿ ಕೇಳುವಂಥ ಮನುಷ್ಯ. ಅಂಕಿಗಳ ಕುಣಿತವನ್ನು ಕೈಕಟ್ಟಿ ನೋಡಿದ.

“ಮುಂದಿನ ವಾರ ನಮ್ಮ ತೂಕದ ಕಲ್ಲು ತರ್ತೀನಿ. ಆವತ್ತೂ ಹೀಗೇ ಇದ್ರೆ ಸೀಲು ಕಿತ್ಕೊಂಡು ಹೋಗ್ತೀನಿ, ಅಷ್ಟೆ” ಎಂದು ಹೇಳಿ ಹೋದ.

ಈ ಸುದ್ದಿ ತಿಳಿದ ಸಂಜೆಯೇ ಮಾವ ಸುಣ್ಣದ ದಾರ ಹಿಡಿದು ಹಾಸಿನ ನಡುವೆ ಗೆರೆ ಎಳೆಯುತ್ತಿದ್ದ. ಅಣ್ಣ, ಗುಂಡಿ ಮುಚ್ಚಿದರೆ ಗಿರಣಿಗೆ ಬರುವ ಗಾಡಿಗಳಿಗೆ ಜಾಗವಾಗುತ್ತದೆಂದು ಕಣ್ಣಳತೆ ಮಾಡುತ್ತಿದ್ದ. ತಮ್ಮ ಕಬ್ಬಿಣದ ತೊಲೆಗಳನ್ನು ಸುತ್ತಿಗೆಯಿಂದ ತಟ್ಟಿ, ಒಳ್ಳೇ ಮಾಲು ಎಂದು ಸಾವಿನ ಮನೆಯಲ್ಲಿ ಪಾತ್ರೆ ನೋಡುವವನ ಹಾಗೆ ತಲೆದೂಗುತ್ತಿದ್ದ. ತೂಕದಕ್ಕ ಕಿಟಕಿಯಲ್ಲಿ ನಿಂತು ಮೂವರನ್ನೂ ನೋಡಿದಳು. ಗೂಡಿನ ಬೀಗದ ಕೈ ಅವಳ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಿತ್ತು. ಆ ಗಂಟು ಬಿಚ್ಚಿದರೆ ಅವಳಿಗೆ ತನ್ನದೆಂದು ಹೇಳಿಕೊಳ್ಳಲು ಒಂದು ಮೊಳೆಯೂ ಇರಲಿಲ್ಲ.

ಮರುದಿನ ಪೇಟೆಯಿಂದ ರಿಪೇರಿಯವನನ್ನು ಕರೆಸಿದಳು. ಹಲ್ಲುನೋವಿಗೆ ಕೆನ್ನೆ ಊದಿಸಿಕೊಂಡು ಬಂದಿದ್ದ ಅವನು ಎಲ್ಲವನ್ನೂ, ಎಲ್ಲರನ್ನೂ ಬೈಯುವ ಹದದಲ್ಲಿದ್ದ. ಪೆಟ್ಟಿಗೆ ಬಿಚ್ಚಿದ, ಮುಚ್ಚಿದ. ಪೆಟ್ಟಿಗೆಗೆ ಏನೂ ಆಗಿಲ್ಲ ಎಂದ. ಹಾಸಿನ ಗುಂಡಿಗೆ ಇಳಿದು ಹತ್ತಿದ. ಅದಕ್ಕೂ ಏನೂ ಆಗಿಲ್ಲ ಎಂದ. ಕೊನೆಗೆ ಕೆಂಪು ವೈರಿನ ಬೆನ್ನು ಹತ್ತಿ ಅಣ್ಣನ ಅಂಗಳ ಸುತ್ತಿದ, ಬಿಳಿ ವೈರಿನ ಬೆನ್ನು ಹತ್ತಿ ತಮ್ಮನ ಅಂಗಳ ಸುತ್ತಿದ, ಬಂದು ಗೂಡಿನ ಹೊಸ್ತಿಲ ಮೇಲೆ ಕುಸಿದು ಕೂತ.

“ಯಾವ ಮಹಾತ್ಮ ಮಾಡಿದ್ದಮ್ಮ ಇದು?”

“ನಮ್ಮ ಸೋದರಮಾವ. ಸಮಪಾಲು ಅಂತ.”

“ಸದ್ಯ, ದನಾನ ಪಾಲು ಮಾಡಿಲ್ಲ ತಾನೇ? ಬಾಯಿ ಒಬ್ಬನಿಗೆ, ಕೆಚ್ಚಲು ಒಬ್ಬನಿಗೆ?”

“ಆ ಹೊತ್ತಿಗೆ ನಮ್ಮಲ್ಲಿ ದನ ಉಳಿದಿರಲಿಲ್ಲ” ಎಂದಳು ಅವಳು. “ಈಗ ಹೇಳಿ, ಎರಡೂ ವೈರು ಬಂದು ಇಲ್ಲೇ ಸೇರ್ತವಲ್ಲ. ಯಾವ ದಾರೀಲಿ ಬಂದ್ರೇನು?”

ರಿಪೇರಿಯವನು ಕೆನ್ನೆ ಒತ್ತಿಕೊಂಡು ಪೆಟ್ಟಿಗೆಯ ಕಡೆ ಬೆರಳು ತೋರಿಸಿದ.

“ಇದರೊಳಗೆ ಒಂದು ಆಂಪ್ಲಿಫೈಯರ್ ಇದೆ. ಹಾಸಿನ ಕಡೆಯಿಂದ ಬರೋ ಸುದ್ದಿ ಬಹಳ ಸಣ್ಣದು, ಪಿಸುಮಾತು. ಅದನ್ನ ದೊಡ್ಡದು ಮಾಡಿ ಅಂಕಿ ತೋರಿಸೋದು ಇದರ ಕೆಲಸ. ಇದಕ್ಕೆ ಎರಡು ಕಿವಿ. ಒಂದು ಕೆಂಪು, ಒಂದು ಬಿಳಿ. ಎರಡು ಕಿವಿಗೂ ಒಂದೇ ಥರ ಬಿದ್ದದ್ದನ್ನ ಇದು ನಂಬೋದೇ ಇಲ್ಲ. ಇದರಿಂದ ಅದನ್ನ ಕಳೆದು ಬಿಸಾಕಿಬಿಡತ್ತೆ. ಒಂದು ಕಿವಿಗೂ ಇನ್ನೊಂದು ಕಿವಿಗೂ ಏನು ವ್ಯತ್ಯಾಸ, ಅದೇ ಸುದ್ದಿ ಅಂತ ಹಿಡ್ಕೊಳ್ಳತ್ತೆ.”

“ಗಿರಣಿ ಸದ್ದು?”

“ಗಿರಣಿ ಮೋಟಾರು ವೈರಿನ ಮೇಲೆ ಕರೆಂಟಿನ ಗದ್ದಲ ಎರಚತ್ತೆ. ವೈರು ಎರಡೂ ಜೊತೇಲಿದ್ರೆ ಗದ್ದಲ ಎರಡರ ಮೇಲೂ ಸಮವಾಗಿ ಬೀಳತ್ತೆ. ಇದು ಕಳೆದುಬಿಡತ್ತೆ, ಸೊನ್ನೆ. ಆದ್ರೆ ನಿಮ್ಮ ಮಾವ ಏನ್ಮಾಡಿದಾನೆ? ಗಿರಣಿ ಗದ್ದಲವೆಲ್ಲ ಕೆಂಪಿಗೇ, ಬೆಸುಗೆ ಗದ್ದಲವೆಲ್ಲ ಬಿಳಿಗೇ ಹಂಚಿದಾನೆ. ಕಳೆದ್ರೆ ಉಳಿಯತ್ತಲ್ಲ? ಉಳಿದದ್ದನ್ನ ಇದು ತೂಕ ಅಂತ ತಿಳ್ಕೊಳ್ಳತ್ತೆ. ಪಾಪ, ಅದರ ತಪ್ಪಲ್ಲ.”

“ಪೂರ್ತಿ ಕಳೆದುಬಿಡತ್ತಾ? ಒಂದು ಚೂರೂ ಉಳಿಯಲ್ವಾ?”

“ಒಂದು ಚೂರು ನುಸುಳತ್ತೆ. ಪೂರ್ತಿ ಕಿವುಡಾಗೋಕೆ ಯಾರಿಂದಲೂ ಆಗಲ್ಲ. ಆದ್ರೆ ಅಷ್ಟು ಲೆಕ್ಕಕ್ಕೆ ಬರಲ್ಲ.”

ತೂಕದಕ್ಕ ಪೆಟ್ಟಿಗೆಯ ಕಡೆ ತಿರುಗಿದಳು. ಇಷ್ಟು ವರ್ಷ ತನ್ನ ಮುಂದೆ ಕೂತಿದ್ದ ಪೆಟ್ಟಿಗೆ ಇಷ್ಟು ಬುದ್ಧಿವಂತನೆಂದು ಅವಳಿಗೆ ಗೊತ್ತಿರಲಿಲ್ಲ. ಎಡಗಿಟಕಿಯಲ್ಲಿ ಅಣ್ಣ ದಿನವೂ ಬಂದು, ಅವನು ಮೋಸಗಾರ, ಅಪ್ಪನ ಹೆಸರು ಕೆಡಿಸಿದ ಎನ್ನುತ್ತಿದ್ದ. ಬಲಗಿಟಕಿಯಲ್ಲಿ ತಮ್ಮ ಬಂದು, ಅವನು ಮೋಸಗಾರ, ಅಪ್ಪನ ಹೆಸರು ಕೆಡಿಸಿದ ಎನ್ನುತ್ತಿದ್ದ. ಅವಳು ಎರಡನ್ನೂ ನಂಬಿ ಎರಡು ಪಟ್ಟು ಅತ್ತಿದ್ದಳು. ಈಗ ಮನಸ್ಸಿನಲ್ಲೇ ಒಂದರಿಂದ ಒಂದನ್ನು ಕಳೆದು ನೋಡಿದಳು. ಏನೂ ಉಳಿಯಲಿಲ್ಲ. ನಂತರ, ಬೇಡಬೇಡವೆಂದರೂ, ಇನ್ನೊಂದನ್ನು ಕಳೆದಳು. ತಂಗೀನ ನಾನು ನೋಡ್ಕೊಳ್ತೀನಿ. ಅಕ್ಕನ್ನ ನಾನು ನೋಡ್ಕೊಳ್ತೀನಿ. ಅಲ್ಲಿಯೂ ಸೊನ್ನೆಯೇ ಬಂತು. ಅವಳಿಗೆ ಅದೇನೂ ಹೊಸ ಸುದ್ದಿಯಾಗಿರಲಿಲ್ಲ. ಕಳೆದ ಬಾರಿ ಜ್ವರ ಬಂದು ಮಲಗಿದ್ದಾಗ, ಗಂಜಿ ಅವನು ಕೊಟ್ಟಿರುತ್ತಾನೆ ಎಂದು ಇವನು, ಇವನು ಕೊಟ್ಟಿರುತ್ತಾನೆ ಎಂದು ಅವನು, ಇಬ್ಬರೂ ನಿಶ್ಚಿಂತೆಯಿಂದ ಉಂಡು ಮಲಗಿದ್ದರು.

“ಹಾಗಾದ್ರೆ ಎರಡೂ ವೈರು ಒಟ್ಟಿಗೆ ಹೋಗಬೇಕು.”

“ಒಟ್ಟಿಗೆ ಅಂದ್ರೆ ಒಂದಕ್ಕೊಂದು ಹೊಸೆದುಕೊಂಡು ಹೋಗಬೇಕು, ಹಗ್ಗದ ಹಾಗೆ. ಆಗ ಗದ್ದಲದ ಹತ್ತಿರ ಒಂದು ಸುತ್ತು ಕೆಂಪು ಇರತ್ತೆ, ಒಂದು ಸುತ್ತು ಬಿಳಿ ಇರತ್ತೆ. ಇಬ್ಬರಿಗೂ ಸಮ ಪೆಟ್ಟು. ಇದು ನೋಡಮ್ಮ ನಿಜವಾದ ಸಮಪಾಲು. ಯಾರ ಗೋಡೆ ಮೇಲಾದ್ರೂ ಹೋಗಲಿ, ಸುಡುಗಾಡಿನ ಮೇಲಾದ್ರೂ ಹೋಗಲಿ, ನಂಗೇನು. ಬೇಗ ಹೇಳು. ಹಲ್ಲು ಕೀಳಿಸ್ಬೇಕು ನಾನು.”

ಯಾರ ಗೋಡೆ ಎಂಬುದೇ ಅಲ್ಲವೇ ಗಂಟಲಲ್ಲಿ ಸಿಕ್ಕಿದ ಮುಳ್ಳು. ತೂಕದಕ್ಕ ಎದ್ದು ಮೊದಲು ಎಡಕ್ಕೆ ಹೋದಳು. ಅಣ್ಣ ಹುಬ್ಬಿನ ತನಕ ಹಿಟ್ಟು ಬಳಿದುಕೊಂಡು ಗಿರಣಿಯ ಬಾಯಿಗೆ ಕಾಳು ಸುರಿಯುತ್ತಿದ್ದ.

“ಅಣ್ಣಾ, ಈ ನಡುಗೋಡೆ ಯಾರದು?”

“ನಂದಂತೂ ಅಲ್ಲ” ಎಂದ ಅಣ್ಣ. “ಅಪ್ಪನ ಅಂಗಳದಲ್ಲಿ ಗೋಡೆ ಹಾಕೋ ಅಂಥ ಪಾಪಿ ನಾನಲ್ಲ. ಊರವರು ನನ್ನ ಮುಖಕ್ಕೆ ಉಗೀತಾರೆ. ಎಲ್ಲ ಅವನದ್ದೇ. ಯಾಕೆ?”

“ಸುಮ್ಮನೆ ಕೇಳ್ದೆ.”

ಆಮೇಲೆ ಬಲಕ್ಕೆ ಹೋದಳು. ತಮ್ಮ ವೆಲ್ಡಿಂಗಿನ ಕರಿಗಾಜಿನ ಮುಖವಾಡ ಎತ್ತಿ ನೋಡಿದ.

“ನಡುಗೋಡೆ ಯಾರದಪ್ಪಾ?”

“ನಂದಲ್ಲವೇ ಅಲ್ಲ ಕಣಕ್ಕ. ಅಪ್ಪನ ಅಂಗಳ ಸೀಳೋ ಅಂಥ ಪಾಪಿ ನಾನಾ? ಎಲ್ಲ ಅವನದ್ದೇ. ಯಾಕೆ?”

“ಸುಮ್ಮನೆ.”

ಇಬ್ಬರ ಮಾತನ್ನೂ ಅವಳು ಗೂಡಿಗೆ ತಂದು ಕಳೆದಳು. ಗೋಡೆ ಯಾರದ್ದೂ ಅಲ್ಲ. ಊರೆಲ್ಲ ಹುಡುಕಿದರೂ ಇಷ್ಟು ನಿರ್ವಿವಾದವಾದ ಜಾಗ ಇನ್ನೊಂದಿರಲಿಲ್ಲ.

ಇನ್ನು ವೈರು ಬಿಚ್ಚಬೇಕಿತ್ತು. ಕೆಂಪು ವೈರಿಗೆ ಕೈ ಹಾಕಿದ ಕೂಡಲೇ ಅಣ್ಣ ಹೊರಗೆ ಬಂದ.

“ನನ್ನ ಗೋಡೆ ವೈರು ಯಾಕೆ ಬಿಚ್ತೀಯ? ಅದು ನನ್ನ ಹಕ್ಕು.”

“ಅವನ ವೈರೂ ಬಿಚ್ತಾ ಇದೀನಣ್ಣ.”

“ಅವನದ್ದೂ ಬಿಚ್ತೀಯಾ?” ಅಣ್ಣನ ಮುಖ ಹಿಟ್ಟಿನೊಳಗಿಂದಲೇ ಅರಳಿತು. “ಹಾಗಾದ್ರೆ ಬಿಚ್ಚು. ಮೊದಲು ಅವನದ್ದು ಬಿಚ್ಚು.”

ತಮ್ಮನೂ ಇದೇ ಮಾತನ್ನು ಇದೇ ಸಂತೋಷದಿಂದ ಹೇಳಿದ. ತನಗೆ ಒಳ್ಳೆಯದಾಗುವುದಕ್ಕಿಂತ ಎದುರಿನವನಿಗೆ ಒಳ್ಳೆಯದಾಗದಿರುವುದು ಮನುಷ್ಯನಿಗೆ ಎಷ್ಟು ಬೇಗ ಅರ್ಥವಾಗುತ್ತದೆ!

ಅವಳು ಎರಡು ವೈರುಗಳ ತುದಿಗಳನ್ನು ಗೂಡಿನ ಬಾಗಿಲ ಕೊಂಡಿಗೆ ಕಟ್ಟಿದಳು. ಇನ್ನೆರಡು ತುದಿಗಳನ್ನು ಒಂದು ಕೋಲಿಗೆ ಸುತ್ತಿ, ದೂರ ನಿಂತು, ಅಪ್ಪ ಹಗ್ಗ ಹೊಸೆಯುತ್ತಿದ್ದ ಹಾಗೆ ಕೋಲನ್ನು ತಿರುಗಿಸುತ್ತ ಬಂದಳು. ಕೆಂಪು ಬಿಳಿ ಒಂದನ್ನೊಂದು ಅಪ್ಪಿಕೊಂಡು ಹುರಿಯಾದವು. ರಿಪೇರಿಯವನು ಆ ಹುರಿಯನ್ನು ಒಂದು ಪೈಪಿನೊಳಗೆ ತೂರಿಸಿ, ನಡುಗೋಡೆಯ ನೆತ್ತಿಯ ಮೇಲೆ ಉದ್ದಕ್ಕೂ ಮಲಗಿಸಿ, ಎರಡು ತುದಿಯಲ್ಲೂ ಸೇರಿಸಿಕೊಟ್ಟು, ಹಲ್ಲು ಕೀಳಿಸಲು ಓಡಿದ.

ಇನ್ಸ್‌ಪೆಕ್ಟರು ಬರುವ ದಿನ ಮಾವ ಬೆಳಿಗ್ಗೆಯೇ ಗ್ಯಾಸ್ ಕಟರಿನವನನ್ನು ಕರೆತಂದು ಹಾಸಿನ ಪಕ್ಕ ಕೂರಿಸಿದ್ದ. ಸೀಲು ಹೋದ ಕೂಡಲೇ ಕೊಯ್ಯಬೇಕು, ಶುಭಸ್ಯ ಶೀಘ್ರಂ. ಇನ್ಸ್‌ಪೆಕ್ಟರ ವ್ಯಾನು ತಿರುವಿನಲ್ಲಿ ಕಾಣಿಸಿದ್ದೇ ತಡ, ಅಣ್ಣ ಗಿರಣಿ ಹಾಕಿದ. ಅರೆಯಲು ಕಾಳಿರಲಿಲ್ಲ, ಬರಿಯ ಕಲ್ಲು ಕಲ್ಲನ್ನೇ ಅರೆಯುತ್ತಿತ್ತು. ಅದು ಕೇಳಿದ್ದೇ ತಡ, ತಮ್ಮ ಬೆಸುಗೆ ಶುರು ಮಾಡಿದ. ಅವನಲ್ಲಿಯೂ ಆ ದಿನ ಮುರಿದದ್ದೇನೂ ಇರಲಿಲ್ಲ. ಹಳೆಯ ಬಾಗಿಲ ಚಿಲಕವೊಂದನ್ನು ಇನ್ನೊಂದು ಹಳೆಯ ಚಿಲಕಕ್ಕೆ ಅಂಟಿಸುತ್ತಿದ್ದ. ಅಪ್ಪ ಹೋದ ಮೇಲೆ ಇಬ್ಬರೂ ಕೂಡಿ ಮಾಡಿದ ಮೊದಲ ಕೆಲಸ ಅದು.

“ಏನಮ್ಮ ಈ ಗಲಾಟೆ? ಎರಡನ್ನೂ ನಿಲ್ಲಿಸೋಕೆ ಹೇಳು” ಎಂದ ಇನ್ಸ್‌ಪೆಕ್ಟರು.

ತೂಕದಕ್ಕ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು, “ಬೇಡ ಸಾರ್. ಓಡಲಿ. ನಾಳೆಯೂ ಓಡುತ್ತಲ್ಲ” ಎಂದಳು.

ಇನ್ಸ್‌ಪೆಕ್ಟರ ಆಳುಗಳು ಕಬ್ಬಿಣದ ತೂಕದ ಕಲ್ಲುಗಳನ್ನು ಒಂದೊಂದಾಗಿ ಹಾಸಿನ ಮೇಲೆ ಇಳಿಸಿದರು. ಅಂಕಿ ಒಂದು ಮೆಟ್ಟಿಲು ಏರಿತು, ನಿಂತಿತು. ಮತ್ತೆ ಇಳಿಸಿದರು. ಏರಿತು, ನಿಂತಿತು. ಗಿರಣಿ ಗಂಟಲು ಹರಿದುಕೊಂಡು ಕೂಗುತ್ತಿತ್ತು, ಬೆಸುಗೆಯ ನೀಲಿ ಬೆಳಕು ಬಲಗಿಟಕಿಯಿಂದ ಗೂಡಿನೊಳಗೆ ಮಿಂಚುತ್ತಿತ್ತು. ಪೆಟ್ಟಿಗೆ ಮಾತ್ರ ಉಂಡು ಕೂತ ಹಿರಿಯರ ಹಾಗೆ ಸ್ಥಿರವಾಗಿತ್ತು. ಒಮ್ಮೆ ಕೊನೆಯ ಅಂಕಿ ಕಣ್ಣು ಮಿಟುಕಿಸಿದಂತೆ ಒಂದು ಹೆಜ್ಜೆ ಹೋಗಿ ಹಿಂದಕ್ಕೆ ಬಂತು. ಅವಳು ಇನ್ಸ್‌ಪೆಕ್ಟರ ಮುಖ ನೋಡಿದಳು.

“ಅಷ್ಟು ಲೆಕ್ಕಕ್ಕಿಲ್ಲ” ಎಂದ ಇನ್ಸ್‌ಪೆಕ್ಟರು, ವೈರಿನ ತುದಿಗೆ ಕಟ್ಟಿದ ಸೀಸದ ಬಿಲ್ಲೆಗೆ ಹೊಸ ಸೀಲು ಒತ್ತುತ್ತ. ಹೋಗುವಾಗ ಗ್ಯಾಸ್ ಕಟರಿನವನನ್ನು ನೋಡಿ, “ಇವನ್ಯಾಕೆ ಇಲ್ಲಿ ಕೂತಿದಾನೆ?” ಎಂದು ಕೇಳಿದ.

“ಮಾವ ಕರೆಸಿದ್ದು. ಅವರ ಏಣಿ ಕೊಯ್ಯೋಕಿತ್ತಂತೆ” ಎಂದಳು ತೂಕದಕ್ಕ.

ಗಿರಣಿ ನಿಂತಿತು. ಬೆಸುಗೆ ನಿಂತಿತು. ಆಗ ಗೋಡೆಯ ಮೇಲಿನ ಪೈಪು ಇಬ್ಬರ ಕಣ್ಣಿಗೂ ಬಿತ್ತು. ಇಷ್ಟು ದಿನ ಆ ಗೋಡೆ ಬರಿಯ ಪಾಪವಾಗಿತ್ತು. ಈಗ ಅದರ ಮೇಲೆ ವೇಬ್ರಿಡ್ಜಿನ ಜೀವನಾಡಿ ಹರಿಯುತ್ತಿತ್ತು. ಪಾಪಕ್ಕೆ ಬೆಲೆ ಬಂದ ಮೇಲೆ ಅದನ್ನು ಅನಾಥವಾಗಿ ಬಿಡುವವರು ಯಾರು? ಸಂಜೆಯೊಳಗೆ ಅಣ್ಣ ಎಡಗಿಟಕಿಗೆ ಬಂದ. ಅವನು ಬಂದದ್ದು ಕಂಡು ತಮ್ಮ ಬಲಗಿಟಕಿಗೆ ಬಂದ.

“ಆವತ್ತು ಏನೋ ಬೇಜಾರಲ್ಲಿ ಹಾಗಂದೆ ಕಣೇ” ಎಂದ ಅಣ್ಣ. “ಗೋಡೆ ನಂದೇ. ಇಟ್ಟಿಗೆ ತರಿಸಿದ್ದು ನಾನು.”

“ಅಕ್ಕಾ, ಗೋಡೆ ನಂದು” ಎಂದ ತಮ್ಮ. “ಇಟ್ಟಿಗೆ ತರಿಸಿದ್ದು ನಾನು.”

ಬಾಗಿಲಲ್ಲಿ ಮಾವ ನಿಂತಿದ್ದ. ಅವನ ಕಣ್ಣಲ್ಲಿ ಹಳೆಯ ಹೊಳಪು ಮರಳಿತ್ತು. “ಜಗಳ ಯಾಕ್ರೋ” ಎಂದ. “ಗೋಡೇನ ಉದ್ದಕ್ಕೆ ಸೀಳಿದ್ರಾಯ್ತು. ಅರ್ಧ ದಪ್ಪ ಅವನಿಗೆ, ಅರ್ಧ ದಪ್ಪ ಇವನಿಗೆ.”

“ಸೀಳಿ ಮಾವ” ಎಂದಳು ತೂಕದಕ್ಕ. “ಆದ್ರೆ ಅದರ ಮೇಲೆ ಸೀಲು ಹಾಕಿದ ವೈರು ಇದೆ. ಜೈಲಿಗೆ ಯಾರು ಹೋಗೋದು ಅನ್ನೋದನ್ನ ಮೊದಲು ಸಮ ಹಂಚಿ.”

ಮಾವ ಬೆರಳುಗಳನ್ನು ಮಡಚುತ್ತ ಅದನ್ನು ಹೇಗೆ ಹಂಚುವುದೆಂದು ಯೋಚಿಸತೊಡಗಿದ. ಎಡದಲ್ಲಿ ಒಬ್ಬ, ಬಲದಲ್ಲಿ ಒಬ್ಬ, ಗೋಡೆ ನಂದು ಗೋಡೆ ನಂದು ಎಂದು ಕೂಗುತ್ತಲೇ ಇದ್ದರು. ಹೊರಗೆ ಚೀಲ ಹೇರಿದ ಗಾಡಿಯೊಂದು ಹಾಸಿನ ಮೇಲೆ ಬಂದು ನಿಂತಿತು. ಗಾಡಿಯವನು ರಸ್ತೆಯಿಂದಲೇ ಕೂಗಿ ಕೇಳಿದ:

“ಏನಂತಾರೆ ತೂಕದಕ್ಕ, ಅಣ್ಣತಮ್ಮಂದಿರು?”

ಅವಳು ಅಂಕಿ ನಿಲ್ಲುವ ತನಕ ಪೆಟ್ಟಿಗೆಯನ್ನೇ ನೋಡುತ್ತಿದ್ದಳು.

“ಏನೂ ಅನ್ನಲ್ಲ” ಎಂದಳು. ಆಮೇಲೆ ಬಾಗಿಲಿಗೆ ಬಂದು ಅವನ ಕಾಳಿನ ತೂಕ ಕೂಗಿ ಹೇಳಿದಳು.